ರಾತ್ರಿಯೇ ರುಬ್ಬಿಟ್ಟ ಹಿಟ್ಟು

(ಬೆಂಗಳೂರಿನ ಸಂಜೆ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕಿಳಿಸಿ ಅಲ್ಲಲ್ಲಿ ತಿದ್ದಲಾಗಿದೆ.)

ಕರೆಯೋಲೆಯಲ್ಲಿ ನನ್ನ ವಿಷಯ ‘ದಣಿವು, ಒತ್ತಡಗಳ ನಡುವೆ ಪ್ರೇರಣೆ ಉಳಿಸಿಕೊಳ್ಳುವುದು’ ಎಂದು ಅಚ್ಚಾಗಿದೆ. ಓದಿದಾಗಲೇ ಸ್ವಲ್ಪ ಕಸಿವಿಸಿ ಆಯಿತು. ನಿಮ್ಮನ್ನು ನೋಡಿದರೆ ಪ್ರೇರಣೆ ಕಡಿಮೆ ಇರುವವರ ಹಾಗೆ ಕಾಣುವುದಿಲ್ಲ. ಬೆಳಿಗ್ಗೆಯಿಂದ ಗಾರ್ಮೆಂಟ್ಸ್‌ನಲ್ಲೋ, ಅಂಗಡಿಯಲ್ಲೋ, ಯಾವುದೋ ಆಫೀಸಿನ ಕೌಂಟರಿನಲ್ಲೋ ದುಡಿದು, ಎರಡು ಬಸ್ಸು ಬದಲಾಯಿಸಿ, ಆರೂವರೆಗೆ ಇಲ್ಲಿಗೆ ಬಂದು ಕೂತಿದ್ದೀರಿ. ಮನಸ್ಸಿಲ್ಲದವರು ಈ ಹೊತ್ತಿಗೆ ಮನೆಯಲ್ಲಿ ಕಾಲು ಚಾಚಿಕೊಂಡು ಟೀವಿ ನೋಡುತ್ತಿರುತ್ತಾರೆ. ಮೂರನೇ ಸಾಲಿನಲ್ಲಿ ಒಬ್ಬರು ಈಗ ಆಕಳಿಸಿದರು. ಪರವಾಗಿಲ್ಲ, ನಾಚಿಕೊಳ್ಳಬೇಡಿ. ಇವತ್ತಿನ ವಿಷಯವೇ ಅದು.

ಒಳಗೆ ಬರುವಾಗ ಎಲ್ಲರ ಕೈಗೂ ಒಂದೊಂದು ಖಾಲಿ ಚೀಟಿ ಕೊಟ್ಟಿದ್ದೇನೆ. ಈಗ ಅದರ ಮೇಲೆ ಏನೂ ಬರೆಯಬೇಡಿ. ಕೊನೆಗೆ ಅದಕ್ಕೆ ಕೆಲಸ ಇದೆ.

ನಾನು ಕನ್ನಡ ಮೇಷ್ಟ್ರು. ಮನಶ್ಶಾಸ್ತ್ರ ನನ್ನ ವಿಷಯ ಅಲ್ಲ. ಹಾಗಿದ್ದೂ ಈ ಬಗ್ಗೆ ಮಾತಾಡೋಕೆ ಒಪ್ಪಿಕೊಂಡೆ ಅಂದರೆ ಅದಕ್ಕೆ ಒಂದೇ ಕಾರಣ. ನಾಲ್ಕು ವರ್ಷದಲ್ಲಿ ಮುಗಿಸಬೇಕಿದ್ದ ಪಿಎಚ್.ಡಿ.ಗೆ ನಾನು ಒಂಬತ್ತು ವರ್ಷ ತೆಗೆದುಕೊಂಡೆ. ಹಗಲು ಪಾಠ, ಸಂಜೆ ಮನೆಪಾಠ, ರಾತ್ರಿ ಥೀಸಿಸ್. ಹೇಗೆ ಮುಗಿಸಬಾರದು ಅನ್ನುವುದರಲ್ಲಿ ನನಗೆ ಒಳ್ಳೆಯ ಅನುಭವ ಇದೆ. ಅದರ ಬಲದಿಂದ ಮಾತಾಡುತ್ತಿದ್ದೇನೆ.

ಮೊದಲು ನಮ್ಮಮ್ಮನ ವಿಷಯ. ನಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕ ಅವರದೊಂದು ಸಣ್ಣ ತಿಂಡಿ ಅಂಗಡಿ ಇತ್ತು. ಬೆಳಿಗ್ಗೆ ಆರಕ್ಕೆ ಮೊದಲ ಬಸ್ಸು. ಅಷ್ಟರೊಳಗೆ ಕಾವಲಿ ಕಾದಿರಬೇಕು. ಅಂದರೆ ಅಮ್ಮ ನಾಲ್ಕೂವರೆಗೆ ಏಳಬೇಕು. ಚಳಿಗಾಲದಲ್ಲಿ ನಾಲ್ಕೂವರೆಗೆ ಎದ್ದು ದೋಸೆ ಹುಯ್ಯೋದಕ್ಕೆ ಯಾರಿಗಾದರೂ ಪ್ರೇರಣೆ ಇರುತ್ತದಾ? ಅಮ್ಮನಿಗೂ ಇರಲಿಲ್ಲ. ಬೈದುಕೊಂಡೇ ಏಳುತ್ತಿದ್ದರು. ಆದರೆ ಹಿಂದಿನ ದಿನ ಮಧ್ಯಾಹ್ನವೇ ಅಕ್ಕಿ, ಉದ್ದು ನೆನೆಹಾಕಿರುತ್ತಿದ್ದರು. ಸಂಜೆ ಒರಳುಕಲ್ಲಿನಲ್ಲಿ ರುಬ್ಬಿ ಉಪ್ಪು ಹಾಕಿ ಮುಚ್ಚಿಡುತ್ತಿದ್ದರು. ಮಲಗುವ ಮುಂಚೆ ಒಲೆಗೆ ಸೌದೆ ಜೋಡಿಸಿ, ಪಕ್ಕದಲ್ಲಿ ಒಣಗಿದ ತೆಂಗಿನಗರಿ, ಅದರ ಮೇಲೆ ಬೆಂಕಿಪೊಟ್ಟಣ. ಚಟ್ನಿಗೆ ಹುರಿಗಡಲೆ ಅಳೆದು ಬಟ್ಟಲಲ್ಲಿ ಹಾಕಿಟ್ಟಿರುತ್ತಿದ್ದರು. ಬೆಳಿಗ್ಗೆ ಎದ್ದು ಮಾಡಬೇಕಾದ ಮೊದಲ ಕೆಲಸ ಕಡ್ಡಿ ಗೀರುವುದು, ಅಷ್ಟೇ.

ನಾನೊಮ್ಮೆ ಕೇಳಿದ್ದೆ, ಇದನ್ನೆಲ್ಲಾ ಬೆಳಿಗ್ಗೆಯೇ ಮಾಡಬಹುದಲ್ಲಾ ಅಂತ. ಅಮ್ಮ ಹೇಳಿದ್ದು ಇಷ್ಟು: “ಬೆಳಿಗ್ಗೆ ನಂಗೆ ತಲೆ ಓಡಲ್ಲ ಕಣೋ. ಹಿಟ್ಟಿದ್ರೆ ಕೈ ಓಡುತ್ತೆ.”

ಒಂದು ಸಲ ಅಮ್ಮನಿಗೆ ಸಂಜೆ ಜ್ವರ ಬಂತು. ರುಬ್ಬಲಿಲ್ಲ. ಬೆಳಗಾಗುವ ಹೊತ್ತಿಗೆ ಜ್ವರ ಬಿಟ್ಟಿತ್ತು, ಅಮ್ಮ ಎದ್ದಿದ್ದರು, ಆದರೂ ಅಂಗಡಿ ತೆರೆಯಲಿಲ್ಲ. ಹಿಟ್ಟಿರಲಿಲ್ಲ. ಅವತ್ತು ಅಮ್ಮನ ಇಚ್ಛಾಶಕ್ತಿ ಕಡಿಮೆಯಾಗಿತ್ತು ಅಂತ ಯಾರೂ ಹೇಳಲಿಲ್ಲ. ನಾವು ಮಾತ್ರ, ಓದುವ ಬರೆಯುವ ಜನ, ಹಿಟ್ಟಿಲ್ಲದ ದಿನ ನಮ್ಮನ್ನೇ ಬೈದುಕೊಳ್ಳುತ್ತೇವೆ. ನಾನು ಸೋಮಾರಿ, ನನ್ನಿಂದಾಗಲ್ಲ ಅಂತ.

ಈಗ ದಣಿವು ಅಂದರೆ ಏನು ಅಂತ ಸ್ವಲ್ಪ ನೋಡೋಣ. 2009ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಸ್ಯಾಮುಯೆಲೆ ಮಾರ್ಕೋರಾ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಇದ್ದವರು 16 ಜನ. ಒಂದು ದಿನ ಅವರನ್ನು 90 ನಿಮಿಷ ಕಂಪ್ಯೂಟರ್ ಮುಂದೆ ಕೂರಿಸಿ, ಗಮನ ಒಂದಿಷ್ಟೂ ಅಲುಗದ ಹಾಗೆ ನೋಡಿ ಗುಂಡಿ ಒತ್ತುವ ಕೆಲಸ ಕೊಟ್ಟರು. ಇನ್ನೊಂದು ದಿನ ಅದೇ ಜನಕ್ಕೆ ಅದೇ 90 ನಿಮಿಷ ರೈಲು, ಕಾರುಗಳ ಬಗೆಗಿನ ಸಾಕ್ಷ್ಯಚಿತ್ರ ತೋರಿಸಿದರು. ಎರಡೂ ದಿನ ಆಮೇಲೆ ಸೈಕಲ್ ಹತ್ತಿಸಿ, ಇನ್ನು ಆಗಲ್ಲ ಅನ್ನುವವರೆಗೆ ತುಳಿಸಿದರು. ಸಿನಿಮಾ ನೋಡಿದ ದಿನ ಸರಾಸರಿ 754 ಸೆಕೆಂಡ್ ತುಳಿದರು. ತಲೆ ದಣಿದಿದ್ದ ದಿನ 640 ಸೆಕೆಂಡಿಗೇ ಕೈಬಿಟ್ಟರು.

ಸ್ವಾರಸ್ಯ ಇರುವುದು ಇನ್ನುಮುಂದೆ. ಎದೆಬಡಿತ, ಉಸಿರು, ರಕ್ತದ ಪರೀಕ್ಷೆ ಎಲ್ಲವನ್ನೂ ನೋಡಿದರು. ಎರಡು ದಿನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಕಾಲಿನಲ್ಲಿ ಕಸುವು ಇತ್ತು. ವ್ಯತ್ಯಾಸ ಇದ್ದದ್ದು ಒಂದರಲ್ಲಿ ಮಾತ್ರ. ‘ಎಷ್ಟು ಕಷ್ಟ ಅನ್ನಿಸುತ್ತಿದೆ?’ ಎಂದು ಕೇಳಿದಾಗ ತಲೆ ದಣಿದವರು ಮೊದಲ ನಿಮಿಷಗಳಿಂದಲೇ ಜಾಸ್ತಿ ಅಂಕಿ ಹೇಳಿದರು. ಸೈಕಲ್ ಅದೇ, ಭಾರ ಅದೇ. ಕಂಡದ್ದು ಮಾತ್ರ ಏರು ದಾರಿ.

ನನಗೆ ಇದು ತುಂಬಾ ಸಮಾಧಾನ ಕೊಟ್ಟ ಪ್ರಯೋಗ. ರಾತ್ರಿ ಹತ್ತಕ್ಕೆ ಪುಸ್ತಕ ತೆರೆದಾಗ ಕಾಸ್ಟ್ ಅಕೌಂಟೆನ್ಸಿ ಬೆಟ್ಟದಷ್ಟು ಕಾಣುತ್ತದೆ ಅಲ್ವಾ? ಬೆಳಿಗ್ಗೆಯೂ ಅದೇ ಪುಸ್ತಕ, ಅಷ್ಟೇ ಪುಟ. ರಾತ್ರಿಯ ಕಣ್ಣಿಗೆ ಅದು ದೊಡ್ಡದು. ಹಾಗಾಗಿ ನನ್ನದೊಂದು ಕಟ್ಟುನಿಟ್ಟಿನ ನಿಯಮ ಇದೆ. ದಣಿದಾಗ ಕೆಲಸ ಮಾಡಬಹುದು, ತೀರ್ಮಾನ ಮಾಡಬಾರದು. ‘ಈ ಕೋರ್ಸೇ ಬೇಡ, ಬಿಟ್ಟುಬಿಡ್ತೀನಿ’ ಅನ್ನೋದು ತೀರ್ಮಾನ. ಅದನ್ನು ಭಾನುವಾರ ತಿಂಡಿ ತಿಂದ ಮೇಲೆ ಮಾಡಿ. ನಾನು ಥೀಸಿಸ್ ಬಿಡುವ ತೀರ್ಮಾನವನ್ನು ಹನ್ನೊಂದು ಸಲವಾದರೂ ಮಾಡಿದ್ದೇನೆ. ಹನ್ನೊಂದೂ ಸಲ ರಾತ್ರಿಯೇ.

ಇಲ್ಲಿ ಒಂದು ತಪ್ಪೊಪ್ಪಿಗೆ. ಮೊದಲೆಲ್ಲಾ ನಾನು ತರಗತಿಯಲ್ಲಿ ಒಂದು ಮೂಲಂಗಿ ಕತೆ ಹೇಳುತ್ತಿದ್ದೆ. ಅಮೆರಿಕದಲ್ಲಿ 1998ರಲ್ಲಿ ರಾಯ್ ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗ ಅದು. ಹಸಿದ ವಿದ್ಯಾರ್ಥಿಗಳ ಮುಂದೆ ಬಿಸಿಬಿಸಿ ಬಿಸ್ಕತ್ತು, ಚಾಕೊಲೇಟು ಇಟ್ಟು, ಕೆಲವರಿಗೆ ‘ನೀವು ಮೂಲಂಗಿ ಮಾತ್ರ ತಿನ್ನಬೇಕು’ ಎಂದರು. ಪಾಪ, ತಿಂದರು. ಆಮೇಲೆ ಬಿಡಿಸೋಕೇ ಆಗದ ಒಗಟು ಕೊಟ್ಟರು. ಮೂಲಂಗಿ ತಿಂದವರು ಸುಮಾರು ಎಂಟು ನಿಮಿಷಕ್ಕೆ ಕೈಬಿಟ್ಟರು, ಬಿಸ್ಕತ್ತು ತಿಂದವರು ಹತ್ತೊಂಬತ್ತು ನಿಮಿಷದ ತನಕ ಹಟ ಹಿಡಿದರು. ಇದರಿಂದ ಇಚ್ಛಾಶಕ್ತಿ ಸ್ಕೂಟರಿನ ಪೆಟ್ರೋಲ್ ಇದ್ದ ಹಾಗೆ, ಬಳಸಿದರೆ ಖಾಲಿಯಾಗುತ್ತದೆ ಎಂಬ ಮಾತು ಲೋಕಕ್ಕೆಲ್ಲಾ ಹಬ್ಬಿತು. ನಾನೂ ಹಬ್ಬಿಸಿದೆ. ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಸೇರಿ, 2,000ಕ್ಕೂ ಹೆಚ್ಚು ಜನರ ಮೇಲೆ ಇದೇ ವಿಚಾರವನ್ನು ಬೇರೆ ಪರೀಕ್ಷೆಯಿಂದ ನೋಡಿದಾಗ ಸಿಕ್ಕ ಪರಿಣಾಮ ಸೊನ್ನೆಗೆ ಹತ್ತಿರ. ಈಗಲೂ ವಿಜ್ಞಾನಿಗಳು ಅದರ ಬಗ್ಗೆ ಜಗಳ ಆಡುತ್ತಿದ್ದಾರೆ. ಹಾಗಾಗಿ ‘ನನ್ನ ಟ್ಯಾಂಕ್ ಖಾಲಿ’ ಎಂಬ ಮಾತನ್ನು ನಾನೀಗ ಆಡುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇಲ್ಲಿದ್ದರೆ, ಮೂಲಂಗಿ ಕತೆಯನ್ನು ವಾಪಸ್ ತೆಗೆದುಕೊಂಡಿದ್ದೇನೆ ಎಂದು ತಿಳಿಯಿರಿ.

ಆದರೆ ಒಂದು ದಣಿವು ಮಾತ್ರ ಕಣ್ಣಿಗೆ ಹಾಗೆ ಕಾಣುವುದಲ್ಲ, ನಿಜವಾಗಿಯೂ ಇರುವುದು. ನಿದ್ದೆಗೇಡು. ಇದರಲ್ಲಿ ಜಗಳ ಇಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಅಳೆದು ನೋಡಿದರು. 17 ಗಂಟೆ ನಿದ್ದೆ ಇಲ್ಲದೆ ಇದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03 ಶೇಕಡಾ. ಲೆಕ್ಕ ಹಾಕಿ. ಬೆಳಿಗ್ಗೆ ಐದೂವರೆಗೆ ಎದ್ದವರು ರಾತ್ರಿ ಹತ್ತೂವರೆಗೆ 17 ಗಂಟೆ ಮುಗಿಸಿರುತ್ತಾರೆ. ಆಮೇಲೆ ಕೂತು ಓದುವುದು, ಪೊಲೀಸರು ಗಾಡಿ ನಿಲ್ಲಿಸಿ ಊದಿಸಿದರೆ ಸಿಕ್ಕಿಬೀಳುವಂಥ ಸ್ಥಿತಿಯಲ್ಲಿ ಓದಿದ ಹಾಗೆ.

ನಾನು ಓದಿದ್ದೇನೆ. ಒಂದು ರಾತ್ರಿ ಹನ್ನೆರಡರಿಂದ ಎರಡರವರೆಗೆ ಕೂತು ಥೀಸಿಸ್‌ನ ಎರಡನೇ ಅಧ್ಯಾಯವನ್ನು ಭರ್ಜರಿಯಾಗಿ ತಿದ್ದಿದೆ. ಗೆದ್ದೆ ಅನ್ನಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ತಿದ್ದಿದ್ದು ಆರು ತಿಂಗಳ ಹಿಂದಿನ ಪ್ರತಿಯನ್ನು. ಅದರಲ್ಲಿ ನಾನು ಸರಿಮಾಡಿದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹೊಸ ಪ್ರತಿಯಲ್ಲಿ ಆಗಲೇ ಸರಿಯಾಗಿದ್ದವು. ಎರಡು ಗಂಟೆ ಕೆಲಸವೂ ಹೋಯಿತು, ಮಾರನೆಯ ದಿನದ ಪಾಠವೂ ಹಾಳಾಯಿತು. ಆ ಹೊತ್ತಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಡಿ, ಮಲಗಿ. ಸ್ಟೇಟಸ್‌ನಲ್ಲಿ ಸಿಂಹದ ಚಿತ್ರ ಹಾಕಿ ‘ಲೋಕ ಮಲಗಿದಾಗ ದುಡಿ’ ಅಂತ ಬರೆಯುವವರು ಹಗಲು ಮಲಗುತ್ತಾರೋ ಏನೋ ನನಗೆ ಗೊತ್ತಿಲ್ಲ. ನಿಮಗಂತೂ ಹಗಲು ಮಲಗುವ ಅನುಕೂಲ ಇಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ದಿನಕ್ಕೆ ಹತ್ತು ಗಂಟೆ ನಿಂತು ಕೆಲಸ ಮಾಡುವವರ ದಣಿವಿಗೆ ನನ್ನ ಹತ್ತಿರ ಯುಕ್ತಿ ಇಲ್ಲ. ಅದಕ್ಕೆ ಬೇಕಾದ್ದು ಕೂರೋಕೆ ಒಂದು ಸ್ಟೂಲು, ಹೊತ್ತಿಗೆ ಸರಿಯಾಗಿ ರಜೆ, ಸರಿಯಾದ ಸಂಬಳ. ಅದನ್ನು ಕೇಳುವ ಜಾಗ ಬೇರೆ, ಕೇಳಲೇಬೇಕು. ನಾನು ಮಾತಾಡುತ್ತಿರುವುದು ಅದೆಲ್ಲಾ ಆದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವ ಆ ಮುಕ್ಕಾಲು ಗಂಟೆಯ ಬಗ್ಗೆ.

ಆ ಮುಕ್ಕಾಲು ಗಂಟೆಗೆ ಹಿಟ್ಟು ರುಬ್ಬಿಡುವುದು ಹೇಗೆ?

ನನ್ನ ಥೀಸಿಸ್ ಇದ್ದದ್ದು ಊರ ಹೆಸರುಗಳ ಮೇಲೆ. ಬೊಮ್ಮಸಂದ್ರದ ಕಡೆಯಿಂದ ಬರುವವರು ಇದ್ದೀರಾ? ಕೈ ಎತ್ತಿ. ಥಣಿಸಂದ್ರ? ಸಿಂಗಸಂದ್ರ? ಈ ‘ಸಂದ್ರ’ ಅನ್ನುವುದು ‘ಸಮುದ್ರ’. ಬೆಂಗಳೂರಿನಲ್ಲಿ ಎಲ್ಲಿಯ ಸಮುದ್ರ ಅಂತ ನಗಬೇಡಿ. ದೊಡ್ಡ ಕೆರೆ ಕಟ್ಟಿಸಿದವರು ಅದನ್ನು ಸಮುದ್ರ ಎಂದೇ ಕರೆಯುತ್ತಿದ್ದರು. ಬಾಯಿಂದ ಬಾಯಿಗೆ ಸವೆದು ಸಂದ್ರ ಆಯಿತು. ಕೆರೆಯೂ ಸವೆದುಹೋಯಿತು, ಅದು ಬೇರೆ ಕತೆ. ಇರಲಿ, ವಿಷಯಕ್ಕೆ ಬರ್ತೀನಿ.

ಮೊದಲ ನಾಲ್ಕು ವರ್ಷ ನನ್ನ ಡೈರಿಯಲ್ಲಿ ಪ್ರತಿದಿನ ಒಂದೇ ಸಾಲು: ‘ಇವತ್ತು ಮೂರನೇ ಅಧ್ಯಾಯ ಬರೆಯಬೇಕು.’ ಮೂರನೇ ಅಧ್ಯಾಯ ಅನ್ನುವುದು ದಣಿದ ಮನುಷ್ಯನಿಗೆ ಮಾಡೋಕೆ ಆಗುವ ವಸ್ತುವೇ ಅಲ್ಲ. ಅದಕ್ಕೆ ಹಿಡಿ ಇಲ್ಲ, ಅಂಚಿಲ್ಲ. ಎಲ್ಲಿಂದ ಹಿಡಿಯಬೇಕು ಅಂತ ಯೋಚಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು. ಆಮೇಲೆ ಪೇಪರ್ ಓದುತ್ತಿದ್ದೆ.

ನನಗೆ ದಾರಿ ತೋರಿಸಿದ್ದು ಒಂದು ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಲೈಬ್ರರಿಯಲ್ಲಿ ನೋಡಿರುತ್ತೀರಿ, ಎಂಟು ದಪ್ಪ ಸಂಪುಟ. 1940ರ ದಶಕದಲ್ಲಿ ಶುರುವಾದ ಕೆಲಸ. ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಅರ್ಧ ಶತಮಾನ! ಆ ಕೆಲಸದ ಹಿರಿಯರಲ್ಲಿ ಒಬ್ಬರಾಗಿದ್ದ ಡಿ.ಎಲ್. ನರಸಿಂಹಾಚಾರ್ ಮೊದಲ ಸಂಪುಟ ಬಂದ ಮಾರನೆಯ ವರ್ಷ ತೀರಿಕೊಂಡರು. ಜಿ. ವೆಂಕಟಸುಬ್ಬಯ್ಯನವರು ಕೊನೆಯವರೆಗೂ ಇದ್ದರು. ಅವರು ಹುಟ್ಟಿದ್ದು 1913ರಲ್ಲಿ, ಎಂಟನೇ ಸಂಪುಟ ಬಂದಾಗ ಅವರಿಗೆ ಎಂಬತ್ತು ದಾಟಿತ್ತು. ಆಮೇಲೂ ಕೆಲಸ ನಿಲ್ಲಿಸಲಿಲ್ಲ. 2021ರಲ್ಲಿ 107ನೇ ವಯಸ್ಸಿನಲ್ಲಿ ಹೋದರು.

ಅದಕ್ಕೂ ಹಿಂದೆ ಕಿಟ್ಟೆಲ್. ಮಹಾತ್ಮ ಗಾಂಧಿ ರಸ್ತೆಯ ಪ್ರತಿಮೆಯಲ್ಲಿ ನಿಂತಿದ್ದಾರಲ್ಲ, ಅವರೇ. 1853ರಲ್ಲಿ ಜರ್ಮನಿಯಿಂದ ಬಂದ ಪಾದ್ರಿ. ನಡುವೆ ಊರಿಗೆ ಹೋದರು, ನಿಘಂಟಿಗೋಸ್ಕರವೇ ಮತ್ತೆ ಬಂದರು, ಕಣ್ಣು ಮಂಜಾಯಿತು, ಮತ್ತೆ ಜರ್ಮನಿಗೆ ಹೋದರು. ಸುಮಾರು 70,000 ಪದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಮುಗಿದದ್ದು 1894ರಲ್ಲಿ. ಈ ಜನ ಎಲ್ಲಾ ದಿನವೂ ಹುಮ್ಮಸ್ಸಿನಲ್ಲೇ ಇದ್ದರು ಅಂತ ನಂಬೋಕೆ ನಾನು ತಯಾರಿಲ್ಲ. ‘ಕ’ ಅಕ್ಷರದ ನಡುವೆ ಎಲ್ಲೋ ಒಂದು ಮಳೆಗಾಲದ ಮಧ್ಯಾಹ್ನ ಅವರಿಗೂ ಸಾಕಾಗಿರಬೇಕು.

ಆದರೆ ನಿಘಂಟಿನ ಕೆಲಸಕ್ಕೆ ಒಂದು ಗುಣ ಇದೆ. ಪರಿಷತ್ತಿನಲ್ಲಿ ಪದಗಳನ್ನು ಚೀಟಿಗಳಲ್ಲಿ ಬರೆದು ಕೂಡಿಸಿದರು. ಒಂದು ಚೀಟಿಯಲ್ಲಿ ಒಂದು ಪದ, ಅದನ್ನು ಯಾವ ಕಾವ್ಯದಲ್ಲಿ, ಯಾವ ಶಾಸನದಲ್ಲಿ ಬಳಸಿದ್ದಾರೆ ಎನ್ನುವ ಸಾಲು. ಚೀಟಿ ಸಣ್ಣದು. ದಣಿದವನೂ ಒಂದು ಚೀಟಿ ಬರೆಯಬಲ್ಲ. ಬರೆದದ್ದು ಕಳೆದುಹೋಗುವುದಿಲ್ಲ, ಅಕಾರಾದಿಯಲ್ಲಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ನಾಳೆ ಎಲ್ಲಿಂದ ಶುರು ಮಾಡಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ. ‘ಕಣ’ ಮುಗಿದರೆ ‘ಕಣಕ’.

ಇದು ಹೊಳೆದ ದಿನ ನಾನು ಮದುವೆ ಕರೆಯೋಲೆಗಳ ಹಿಂಬದಿ ಖಾಲಿ ಇರುತ್ತದಲ್ಲ, ಅದನ್ನು ಕತ್ತರಿಸಿ ಚೀಟಿ ಮಾಡಿದೆ. ಒಂದು ಊರಿಗೆ ಒಂದು ಚೀಟಿ. ಹೆಸರು, ಹಳೆಯ ದಾಖಲೆಯಲ್ಲಿ ಹೇಗಿದೆ, ಊರಿನವರು ಏನು ಹೇಳುತ್ತಾರೆ, ನನಗೇನು ಅನ್ನಿಸುತ್ತದೆ. ನಾಲ್ಕು ಸಾಲು. ಮಲಗುವ ಮುಂಚೆ, ನಾಳೆಯ ಎರಡು ಚೀಟಿ ಹೊರಗೆ ತೆಗೆದು, ಬೇಕಾದ ಪುಸ್ತಕವನ್ನು ಅದೇ ಪುಟಕ್ಕೆ ತೆರೆದು, ಮೇಲೆ ಪೆನ್ನು ಇಡುತ್ತಿದ್ದೆ. ನನ್ನ ಹೆಂಡತಿ ಇದನ್ನು ‘ದೇವರಿಗೆ ದೀಪ ಇಟ್ಟ ಹಾಗೆ’ ಅಂತ ತಮಾಷೆ ಮಾಡುತ್ತಿದ್ದಳು. ನನಗೆ ಮಾತ್ರ ಅದು ಒಲೆಯ ಪಕ್ಕದ ಬೆಂಕಿಪೊಟ್ಟಣ.

ಯಾವಾಗ, ಎಲ್ಲಿ ಅನ್ನುವುದನ್ನೂ ಮೊದಲೇ ಕಟ್ಟಿಡಬೇಕು. ಇದಕ್ಕೆ ಒಳ್ಳೆಯ ಆಧಾರ ಇದೆ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ, ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರಿ ಅಂತ 48 ಗಂಟೆಯೊಳಗೆ ಬರೆದು ಕಳಿಸಿ ಎಂದರು. ಹಬ್ಬದ ಗದ್ದಲದ ನಡುವೆ ಮನೆಯಲ್ಲಿ ಕೂತು ವರದಿ ಬರೆಯುವುದು, ಊಹಿಸಿಕೊಳ್ಳಿ! ನಮ್ಮಲ್ಲಿ ದೀಪಾವಳಿ ದಿನ ಅಸೈನ್‌ಮೆಂಟ್ ಕೊಟ್ಟ ಹಾಗೆ. ಅರ್ಧ ಜನಕ್ಕೆ ಮಾತ್ರ, ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಕೂತು ಬರೆಯುತ್ತೀರಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ ಎಂದು ಹೇಳಿದ್ದರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಹೊತ್ತಿಗೆ ಸರಿಯಾಗಿ ಬರೆದರು. ಉಳಿದವರಲ್ಲಿ ಬರೆದದ್ದು ಮೂರರಲ್ಲಿ ಒಬ್ಬರು. ‘ಬಿಡುವಾದಾಗ ಓದ್ತೀನಿ’ ಅನ್ನುವುದು ಮಾತಿಗೆ ಚೆಂದ. ‘ಬಸ್ಸಿಳಿದು ಮನೆಗೆ ಬಂದು, ಕಾಲು ತೊಳೆದು, ಕಾಫಿ ಲೋಟ ಇಟ್ಟ ಕೂಡಲೇ ಮೇಜಿನ ಎಡಗಡೆಯ ಪುಸ್ತಕ’ ಅನ್ನುವುದು ನಡೆಯುತ್ತದೆ. ಒಂದು ಎಚ್ಚರಿಕೆ: ಆ ಕಾಫಿ ಲೋಟಕ್ಕೂ ಪುಸ್ತಕಕ್ಕೂ ನಡುವೆ ಫೋನ್ ಬರಬಾರದು. ಬಂದರೆ ಮುಗೀತು. ಅದರ ಬಗ್ಗೆ ನಾನು ಹೊಸದಾಗಿ ಹೇಳುವುದು ಏನೂ ಇಲ್ಲ. ನಿಮಗೇ ನನಗಿಂತ ಚೆನ್ನಾಗಿ ಗೊತ್ತು.

ಕೆಲಸದ ಶುರು ಅಷ್ಟು ಕಷ್ಟ ಅಲ್ಲ, ಕೊನೆಯೂ ಅಲ್ಲ. ಕೊಲ್ಲುವುದು ನಡುಭಾಗ. ಮುಗಿಯುವ ಗೆರೆ ಹತ್ತಿರ ಬಂದಾಗ ಇಲಿಯೂ ಓಡುತ್ತದೆ. ಇದು ಗಾದೆ ಅಲ್ಲ. ಕ್ಲಾರ್ಕ್ ಹಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1930ರ ದಶಕದಲ್ಲೇ ಅಳೆದದ್ದು. ತಿಂಡಿ ಇರುವ ಜಾಗ ಹತ್ತಿರವಾದಷ್ಟೂ ಇಲಿಗಳ ಓಟ ಚುರುಕಾಗುತ್ತದೆ. ಆದರೆ ನಡುವಿನಲ್ಲಿ? ಹಿಂದಿನ ದಡವೂ ಕಾಣುವುದಿಲ್ಲ, ಮುಂದಿನದೂ ಕಾಣುವುದಿಲ್ಲ.

ಇಲ್ಲಿ ನಾನು ಗದ್ದೆಗೆ ಹೋಗುತ್ತೇನೆ. ನಾಟಿ ನೋಡಿದ್ದೀರಾ? ಮಲೆನಾಡಿನವರು ನೆಟ್ಟಿ ಅನ್ನುತ್ತಾರೆ. ಮೊಣಕಾಲುದ್ದದ ಕೆಸರು, ಬಗ್ಗಿದ ಸೊಂಟ, ಮೇಲಿಂದ ಮಳೆ. ಅದಕ್ಕಿಂತ ದಣಿಸುವ ಕೆಲಸ ಕಡಿಮೆ. ಗಮನಿಸಿ ನೋಡಿ, ನಾಟಿ ಮಾಡುವ ಹೆಂಗಸರು ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ನೆಟ್ಟ ಪೈರನ್ನು ತುಳಿಯಬಾರದು ಅಂತ ಹಾಗೆ ಮಾಡುತ್ತಾರೆ, ಮನಶ್ಶಾಸ್ತ್ರಕ್ಕಾಗಿ ಅಲ್ಲ. ಆದರೆ ಅದರಿಂದ ಏನಾಗುತ್ತದೆ? ಅವರ ಕಣ್ಣೆದುರು ಯಾವಾಗಲೂ ನೆಟ್ಟ ಹಸಿರು. ಉಳಿದ ಕೆಸರು ಬೆನ್ನ ಹಿಂದೆ. ಗಂಟೆ ಕಳೆದಷ್ಟೂ ಕಣ್ಣ ಮುಂದಿನ ಹಸಿರು ಅಗಲ ಆಗುತ್ತಾ ಹೋಗುತ್ತದೆ.

ನಾವು ಇದಕ್ಕೆ ತದ್ವಿರುದ್ಧ. ಮುಗಿಸಿದ ಐದು ಪಾಠವನ್ನು ಬೆನ್ನಿಗೆ ಹಾಕಿ, ಉಳಿದ ಹದಿನೈದನ್ನೇ ದಿಟ್ಟಿಸಿ ನೋಡುತ್ತಾ ಕೂರುತ್ತೇವೆ. ನಾನು ಮಾಡಿದ್ದು ಇಷ್ಟು. ಬರೆದ ಚೀಟಿಗಳನ್ನು ಗಾಜಿನ ಭರಣಿಯಲ್ಲಿ ಹಾಕಿ ಮೇಜಿನ ಮೇಲಿಟ್ಟೆ. ಖಾಲಿ ಚೀಟಿಗಳ ಕಟ್ಟನ್ನು ಬೀರುವಿನಲ್ಲಿಟ್ಟೆ. ನೀವು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮುಗಿಸಿದ ಲೆಕ್ಕಗಳಿಗೆ ಒಂದೊಂದು ಗೆರೆ ಹಾಕಿದರೂ ಸಾಕು.

ನಾಟಿಯ ಇನ್ನೊಂದು ಸಂಗತಿ ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಲೆಕ್ಕ ಇಲ್ಲ. ಒಬ್ಬರೇ ಇದ್ದರೆ ಸೊಂಟ ನೋವು ಅಂತ ಬದುವಿನ ಮೇಲೆ ಕೂತುಬಿಡಬಹುದು. ಸಾಲಿನಲ್ಲಿ ಹತ್ತು ಜನ ಇದ್ದಾಗ ಪಕ್ಕದವಳ ಕೈ ನಿಮ್ಮ ಕೈಯನ್ನು ಎಳೆಯುತ್ತದೆ. ಜೊತೆಗೆ ಹಾಡು ಇರುತ್ತದೆ, ಯಾರ ಮನೆಯಲ್ಲಿ ಏನಾಯಿತು ಅನ್ನುವ ಸುದ್ದಿ ಇರುತ್ತದೆ. ನಿಮ್ಮಲ್ಲಿ ಇಬ್ಬರು ಕೂಡಿ ರಾತ್ರಿ ಎಂಟರಿಂದ ಮುಕ್ಕಾಲು ಗಂಟೆ, ಫೋನಿನಲ್ಲಿ ಏನೂ ಮಾತಾಡದೆ, ಅವರವರ ಮನೆಯಲ್ಲಿ ಓದಬಹುದು. ಎಂಟಕ್ಕೆ ‘ಕೂತೆ’ ಅಂತ ಒಂದು ಮೆಸೇಜು, ಎಂಟೂಮುಕ್ಕಾಲಿಗೆ ‘ಎದ್ದೆ’ ಅಂತ ಇನ್ನೊಂದು. ನನ್ನ ಕಾಲದಲ್ಲಿ ಇದು ಇರಲಿಲ್ಲ. ನನ್ನ ಸಹೋದ್ಯೋಗಿ ಒಬ್ಬರು ಪ್ರತಿ ಶುಕ್ರವಾರ ಸ್ಟಾಫ್ ರೂಮಿನಲ್ಲಿ “ಎಷ್ಟು ಚೀಟಿ ಮೇಷ್ಟ್ರೇ?” ಅಂತ ಕೇಳುತ್ತಿದ್ದರು. ಅವರ ವಿಷಯ ಗಣಿತ, ಊರ ಹೆಸರುಗಳಲ್ಲಿ ಅವರಿಗೆ ಕಿಂಚಿತ್ತೂ ಆಸಕ್ತಿ ಇರಲಿಲ್ಲ. ಆದರೂ ಗುರುವಾರ ರಾತ್ರಿ ನಾನು ಅವರಿಗಾಗಿಯೇ ನಾಲ್ಕು ಚೀಟಿ ಹೆಚ್ಚು ಬರೆಯುತ್ತಿದ್ದೆ.

ಇಷ್ಟು ಹೊತ್ತು ದಣಿವಿನ ಮಾತಾಯಿತು. ಒತ್ತಡ ಬೇರೆ. ದಣಿವು ಮಲಗಿದರೆ ಹೋಗುತ್ತದೆ. ಸಾಲ, ಕಾಯಿಲೆ, ಮನೆಯ ಜಗಳ ಇವು ಮಲಗೋಕೂ ಬಿಡುವುದಿಲ್ಲ.

ಥೀಸಿಸ್‌ನ ಆರನೇ ವರ್ಷದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಐದು ತಿಂಗಳು ಥೀಸಿಸ್ ಮಾತೇ ಇಲ್ಲ. ಆಗ ನನಗೆ ನೆನಪಾದದ್ದು ದೊಡ್ಡಬಳ್ಳಾಪುರದ ಗೆಳೆಯರೊಬ್ಬರ ಮನೆಯ ಮಗ್ಗ. ಸೀರೆಗೆ ಉದ್ದಕ್ಕೆ ಹಾಸಿದ ಎಳೆಗಳು ಸಾವಿರಾರು ಇರುತ್ತವೆ. ಒಂದೊಂದೂ ಒಂದೊಂದು ಕಣ್ಣಿನೊಳಗೆ ತೂರಿ ಬರಬೇಕು. ಹಾಸು ಮುಗಿದಾಗ ನೇಯುವವರು ಹಳೆಯ ಎಳೆಗಳನ್ನು ಪೂರ್ತಿ ಎಳೆದು ತೆಗೆಯುವುದಿಲ್ಲ. ತುದಿಗಳನ್ನು ಮಗ್ಗದಲ್ಲೇ ಬಿಟ್ಟು, ಹೊಸ ಎಳೆಗಳನ್ನು ಅದಕ್ಕೆ ಗಂಟು ಹಾಕುತ್ತಾರೆ. ಹಾಗೆ ಮಾಡಿದರೆ ಎಲ್ಲವನ್ನೂ ಮೊದಲಿನಿಂದ ಪೋಣಿಸುವ ಕಷ್ಟ ಇಲ್ಲ. ಅದನ್ನೇ ಮಾಡಿದೆ. ಭಾನುವಾರಕ್ಕೊಮ್ಮೆ ಭರಣಿಯಿಂದ ಒಂದು ಚೀಟಿ ತೆಗೆದು ಓದಿ ವಾಪಸ್ ಹಾಕುತ್ತಿದ್ದೆ. ಅಷ್ಟೇ. ಬರೆಯುತ್ತಿರಲಿಲ್ಲ. ಅಪ್ಪ ಕೋಲು ಹಿಡಿದು ನಡೆಯೋಕೆ ಶುರುಮಾಡಿದ ಮೇಲೆ ನಾನು ಮತ್ತೆ ಕೂತಾಗ, ಗಂಟು ಹಾಕೋಕೆ ಎಳೆ ಇತ್ತು.

ಆ ಐದು ತಿಂಗಳಲ್ಲಿ ದುಡಿದೇ ತೀರುತ್ತೇನೆ ಎಂದು ಹೊರಟಿದ್ದರೆ ಅಪ್ಪನಿಗೂ ಮೋಸ, ಥೀಸಿಸ್‌ಗೂ ಮೋಸ ಆಗುತ್ತಿತ್ತು. ಕೆಲವು ಸಲ ಬಿಡುವುದೇ ಸರಿ. ನಾನು ಅದೇ ಹೊತ್ತಿಗೆ ಸಂಗೀತದ ಪರೀಕ್ಷೆಯೊಂದಕ್ಕೂ ಕಟ್ಟಿದ್ದೆ, ಅದನ್ನು ಬಿಟ್ಟೆ. ಒಂದು ಭಾನುವಾರ ತಿಂಡಿ ತಿಂದ ಮೇಲೆ ಬಿಟ್ಟೆ. ಇವತ್ತಿಗೂ ಬೇಸರ ಇಲ್ಲ. ಸಂಗೀತ ಬಿಟ್ಟದ್ದಕ್ಕೆ ಮನೆಯವರು, ಅಕ್ಕಪಕ್ಕದವರು ಋಣಿಗಳು.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ. “ಸಾರ್, ಮಾಡದೇ ಉಳಿದ ಕೆಲಸ ತಲೆಯೊಳಗೆ ಕೊರೀತಾ ಇರುತ್ತೆ. ಮಲಗಿದ್ರೂ ಬಿಡಲ್ಲ. ಏನ್ಮಾಡೋದು?” ಒಳ್ಳೆಯ ಪ್ರಶ್ನೆ. ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಎಳೆಯುತ್ತದೆ ಎನ್ನುವುದನ್ನು 1920ರ ದಶಕದಲ್ಲೇ ಬರ್ಲಿನ್ನಿನಲ್ಲಿ ಬ್ಲೂಮಾ ಜೈಗಾರ್ನಿಕ್ ಎಂಬ ಸಂಶೋಧಕಿ ಎತ್ತಿದ್ದರು. 2011ರಲ್ಲಿ ಬಂದ ಇನ್ನೊಂದು ಅಧ್ಯಯನ ನಿಮಗೆ ಜಾಸ್ತಿ ಉಪಯೋಗ ಆಗಬಹುದು. ಆ ಕೊರೆತ ನಿಲ್ಲೋಕೆ ಕೆಲಸ ಮುಗಿಯಲೇಬೇಕಾಗಿಲ್ಲ. ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಎಂದು ಬಿಡಿಸಿ ಬರೆದಿಟ್ಟರೂ ಮನಸ್ಸು ಬಹಳಷ್ಟು ಸುಮ್ಮನಾಗುತ್ತದೆ. ಅಧ್ಯಯನ ಮಾಡಿದವರಲ್ಲಿ ಒಬ್ಬರು ಯಾರು ಗೊತ್ತಾ? ಮೂಲಂಗಿಯ ಅದೇ ಬೌಮೈಸ್ಟರ್. ಇದನ್ನಾದರೂ ವಾಪಸ್ ತೆಗೆದುಕೊಳ್ಳುವ ಹಾಗೆ ಆಗದಿರಲಿ. ನನ್ನ ಅನುಭವದಲ್ಲಂತೂ ನಿಜ. ತಲೆಯೊಳಗೆ ಇರುವಾಗ ಭೂತ, ಚೀಟಿಯ ಮೇಲೆ ಬಂದರೆ ಬರೀ ಕೆಲಸ.

ಚೀಟಿ ಅಂದಾಗ ನೆನಪಾಯಿತು. ಈಗ ಅದನ್ನು ತೆಗೆಯಿರಿ. ಕೊನೆಯ ಬಸ್ಸಿನ ಚಿಂತೆ ನಿಮಗೆ ಶುರುವಾಗಿದೆ, ಗೊತ್ತು. ಎರಡೇ ನಿಮಿಷ. ನಾಳೆ ಸಂಜೆ ದಣಿದು ಮನೆಗೆ ಬರುವ ಒಬ್ಬರಿದ್ದಾರೆ. ಅವರ ಹೆಸರೂ ನಿಮ್ಮದೇ. ಅವರ ಕೈ ಮಾಡಬೇಕಾದ ಮೊದಲ ಕೆಲಸ ಏನು ಅಂತ ಬರೆಯಿರಿ. ‘ಓದಬೇಕು’ ಅಂತ ಬರೆದರೆ ಚೀಟಿ ವಾಪಸ್ ಕೊಡ್ತೀನಿ. ಯಾವ ಪುಸ್ತಕ, ಯಾವ ಪುಟ, ಯಾವ ಲೆಕ್ಕ, ಎಷ್ಟು ಗಂಟೆಗೆ.

ಆಯಿತಾ? ಯಾರಾದರೂ ಒಬ್ಬರು ಓದ್ತೀರಾ? ಹೂಂ, ನೀವೇ ಓದಿಮ್ಮಾ, ಕಿಟಕಿ ಪಕ್ಕದವರು.

“ರಾತ್ರಿ ಎಂಟೂಕಾಲಿಗೆ. ಕಾಸ್ಟಿಂಗ್ ಪುಸ್ತಕ, 84ನೇ ಪುಟ, ಮೂರನೇ ಲೆಕ್ಕ. ಪಾಪು ಮಲಗಿದ್ದರೆ.”

ಚೆನ್ನಾಗಿದೆ. ಪಾಪು ಮಲಗದಿದ್ದರೆ?

“ಮಲಗಿಲ್ಲ ಅಂದ್ರೆ ಲೆಕ್ಕ ಮಾಡಲ್ಲ ಸಾರ್. ಪ್ರಶ್ನೆ ಮಾತ್ರ ನೋಟ್‌ಬುಕ್ಕಿಗೆ ಇಳಿಸಿ, ಗೆರೆ ಎಳೆದು, ಕಾಲಂ ಹಾಕಿಟ್ಟು ಮಲಗ್ತೀನಿ.”